ಒಂದೇ ಓಣಿಯ ಇಪ್ಪತ್ತು ಪಾಲುದಾರರು

ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯನ್ನು ಬಿಟ್ಟದ್ದು 1910ರಲ್ಲಿ. ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿ ಪೇಟೆಯಲ್ಲಿ ಸೈಕಲ್ ಅಂಗಡಿ ತೆರೆದರು; ಬರಬರುತ್ತ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡುವ ಕಾರ್ಖಾನೆ ಕಟ್ಟಿದರು. ಕೆಲಸ ಕೈಗೆ ಹತ್ತುವ ಹೊತ್ತಿಗೆ ಹೊಸ ಬಡಾವಣೆಗೆ ನೆಲ ಬೇಕೆಂದು ನಗರಸಭೆ ಜಾಗ ತೆರವು ಮಾಡಲು ಹೇಳಿತು. ಆಗ ಅವರನ್ನು ಕರೆದು ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಕುಂಡಲ್ ರೋಡ್ ರೈಲು ನಿಲ್ದಾಣದ ಪಕ್ಕದ ಬರಡು ಭೂಮಿ ಕೊಟ್ಟರು, ಕೈಸಾಲ ಕೊಟ್ಟರು. ಆ ನೆಲದಲ್ಲಿ ಎದ್ದು ನಿಂತ ಊರೇ ಕಿರ್ಲೋಸ್ಕರವಾಡಿ. ಇಂದು ಅದು ಮಹಾರಾಷ್ಟ್ರದಲ್ಲಿದೆ.

ಒಂದು ತುಂಡು ನೆಲ ಮತ್ತು ಒಂದಿಷ್ಟು ಸಾಲ ಒಂದು ಉದ್ಯಮದ ವಿಳಾಸವನ್ನೇ ಬದಲಿಸಿತು. ಸರ್ಕಾರದ ನೆರವು ಎಂಬ ಮಾತು ಬಂದಾಗ ಕೇಳುಗರಿಗೆ ಈ ಪ್ರಸಂಗ ನೆನಪಿನಲ್ಲಿರಲಿ ಎಂಬ ಕಾರಣಕ್ಕೆ ಇದನ್ನು ಮೊದಲು ಹೇಳಿದ್ದು. ಆದರೆ ಇಲ್ಲಿನ ಮುಖ್ಯ ವಿಷಯ ಒಬ್ಬ ಉದ್ಯಮಿಗೆ ಸಿಗುವ ನೆರವಲ್ಲ. ಒಂದೇ ಊರಿನಲ್ಲಿ ಒಂದೇ ಕಸುಬು ಮಾಡುವ ಇಪ್ಪತ್ತು, ನೂರು, ಐನೂರು ಸಣ್ಣ ಘಟಕಗಳಿಗೆ ಒಟ್ಟಾಗಿ ಸಿಗುವ ಅನುದಾನ. ಸರ್ಕಾರಿ ಕಡತದಲ್ಲಿ ಇಂಥ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಈಗ ಕಸುಬುದಾರರ ಬಾಯಲ್ಲೂ ಅದೇ ಹೆಸರು.

ಕಿರ್ಲೋಸ್ಕರ್ ಹೋದರೂ ಬೆಳಗಾವಿಯಲ್ಲಿ ಕಬ್ಬಿಣದ ಕೆಲಸ ನಿಲ್ಲಲಿಲ್ಲ. ಉದ್ಯಮಬಾಗ್ ಮತ್ತು ಅದರ ಸುತ್ತಮುತ್ತ ಇಂದು ನೂರಕ್ಕೂ ಹೆಚ್ಚು ಫೌಂಡ್ರಿಗಳಿವೆ. ಪಂಪು, ಟ್ರ್ಯಾಕ್ಟರು, ಮೋಟಾರು ವಾಹನ, ಹೈಡ್ರಾಲಿಕ್ ಯಂತ್ರಗಳಿಗೆ ಬೇಕಾದ ಎರಕದ ಭಾಗಗಳು ಇಲ್ಲಿಂದ ಹೋಗುತ್ತವೆ. ಫೌಂಡ್ರಿ ಎಂದರೆ ಕಣ್ಣ ಮುಂದೆ ಬರುವುದು ಕಬ್ಬಿಣ ಮತ್ತು ಬೆಂಕಿ. ಒಳಗೆ ಹೋಗಿ ನೋಡಿದರೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಮರಳು.

ಕೆಲಸ ನಡೆಯುವುದು ಹೀಗೆ. ಬೇಕಾದ ಭಾಗದ ಮಾದರಿಯನ್ನು ಪೆಟ್ಟಿಗೆಯೊಳಗಿಟ್ಟು ಸುತ್ತ ಮರಳು ತುಂಬಿ ಗಟ್ಟಿಯಾಗಿ ಒತ್ತುತ್ತಾರೆ. ಮಾದರಿಯನ್ನು ತೆಗೆದರೆ ಮರಳಿನಲ್ಲಿ ಅದರ ಆಕಾರದ ಟೊಳ್ಳು ಉಳಿಯುತ್ತದೆ. ಭಾಗದ ಒಳಗೆ ತೂತು ಬೇಕಾದರೆ ಅದಕ್ಕೆ ರಾಳ ಬೆರೆಸಿದ ಮರಳಿನ ಗಟ್ಟಿ ತುಂಡು ಬೇರೆಯೇ ಇಡಬೇಕು. ಅದನ್ನು ಕೋರ್ ಎನ್ನುತ್ತಾರೆ. ಆಮೇಲೆ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಕಾವಿನ ಕಬ್ಬಿಣವನ್ನು ಸುರಿಯುತ್ತಾರೆ. ಆರಿದ ಮೇಲೆ ಅಚ್ಚು ಒಡೆದು ಎರಕವನ್ನು ಹೊರಗೆ ತೆಗೆಯುತ್ತಾರೆ. ಉಳಿಯುವುದು ಸುಟ್ಟು ಕಪ್ಪಾದ, ರಾಳ ಅಂಟಿದ ಮರಳಿನ ರಾಶಿ. ಒಂದಷ್ಟನ್ನು ಮತ್ತೆ ಬಳಸಬಹುದು. ಉಳಿದದ್ದನ್ನು ಎಲ್ಲಿಗೆ ಸುರಿಯುವುದು? ಹೊಸ ಮರಳನ್ನು ಎಲ್ಲಿಂದ ತರುವುದು? ಒಂದು ಕಡೆ ವಿಲೇವಾರಿಯ ಚಿಂತೆ, ಇನ್ನೊಂದು ಕಡೆ ಖರೀದಿಯ ಖರ್ಚು.

ಸುಟ್ಟ ಮರಳನ್ನು ಮತ್ತೆ ಹೊಸದರಂತೆ ಮಾಡಲು ದಾರಿಯಿದೆ. ಕುಲುಮೆಯಲ್ಲಿ ಕಾಯಿಸಿ ಅಂಟಿದ ರಾಳವನ್ನು ಪೂರ್ತಿ ಸುಡಬೇಕು, ತಣಿಸಬೇಕು, ಜರಡಿ ಹಿಡಿದು ದೂಳು ಬೇರೆ ಮಾಡಬೇಕು. ಅಂಥ ಘಟಕಕ್ಕೆ ದೊಡ್ಡ ಬಂಡವಾಳ ಬೇಕು. ಅದಕ್ಕಿಂತ ಮುಖ್ಯವಾಗಿ, ಕುಲುಮೆಯನ್ನು ಒಮ್ಮೆ ಕಾಯಿಸಿದರೆ ಬಿಡದೆ ನಡೆಸಬೇಕು. ದಿನಕ್ಕೆ ಎರಡು ಗಂಟೆ ಹಚ್ಚಿ ಆರಿಸಿದರೆ ಉಳಿದ ದುಡ್ಡು ಇಂಧನದ ಖರ್ಚಿಗೇ ಸಾಲದು. ಒಂದು ಸಣ್ಣ ಫೌಂಡ್ರಿಯ ಬಳಿ ಅಷ್ಟು ಮರಳು ಇರುವುದಿಲ್ಲ. ಮೂವತ್ತು ಫೌಂಡ್ರಿಗಳ ಮರಳು ಒಂದೆಡೆ ಬಂದರೆ ಕುಲುಮೆ ಹಗಲೂ ರಾತ್ರಿಯೂ ಉರಿಯಬಹುದು.

ಕ್ಲಸ್ಟರಿಗೆ ಕೊಡುವ ಅನುದಾನದ ಇಡೀ ತರ್ಕ ಈ ಮರಳಿನ ಲೆಕ್ಕದಲ್ಲಿದೆ. ಒಬ್ಬನಿಗೆ ದುಬಾರಿಯಾದ, ಹತ್ತು ಮಂದಿಗೆ ಅಗ್ಗವಾಗುವ, ಆದರೆ ಹತ್ತು ಮಂದಿಯಲ್ಲಿ ಯಾರೂ ತಾನಾಗಿ ಮುಂದೆ ಬಂದು ಕಟ್ಟದ ಸೌಲಭ್ಯಕ್ಕೆ ಸಾರ್ವಜನಿಕ ಹಣ ಹೋಗಬೇಕು. ಕೇಂದ್ರ ಸರ್ಕಾರ 2003ರಲ್ಲಿ ಕೈಗಾರಿಕಾ ಮೂಲಸೌಕರ್ಯ ಉನ್ನತೀಕರಣ ಯೋಜನೆಯನ್ನು ತಂದು, ಯೋಜನಾ ವೆಚ್ಚದ ಶೇ. 75ರವರೆಗೆ, ಗರಿಷ್ಠ 50 ಕೋಟಿ ರೂಪಾಯಿ ಅನುದಾನ ಕೊಡುವುದಾಗಿ ಹೇಳಿತು. ಪುಣೆಯ ವಾಹನ ಬಿಡಿಭಾಗ ತಯಾರಕರು, ಕೊಯಮತ್ತೂರಿನ ಪಂಪು ಮತ್ತು ಫೌಂಡ್ರಿಯವರು ಇದನ್ನು ಬಳಸಿಕೊಂಡರು. ಬೆಳಗಾವಿಯವರೂ ಹಿಂದೆ ಬೀಳಲಿಲ್ಲ. ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಎಂಬ ಸಂಸ್ಥೆ ಕಟ್ಟಿ ಮರಳು ಮರುಬಳಕೆ ಘಟಕ, ಲೋಹ ಪರೀಕ್ಷಾಲಯ, ತರಬೇತಿಯ ಏರ್ಪಾಡು ಮಾಡಿಕೊಂಡರು.

ಪರೀಕ್ಷಾಲಯದ ಬೆಲೆ ತಿಳಿಯಬೇಕಾದರೆ ಒಂದು ಸಣ್ಣ ಲೋಹದ ತುಣುಕನ್ನು ಹಿಂಬಾಲಿಸಬೇಕು. ಕುಲುಮೆಯಿಂದ ಒಂದು ಸೌಟಿನಷ್ಟು ಕರಗಿದ ಕಬ್ಬಿಣ ತೆಗೆದು ನಾಣ್ಯದ ಆಕಾರಕ್ಕೆ ಎರೆಯುತ್ತಾರೆ. ಅದರ ಮುಖವನ್ನು ಉಜ್ಜಿ ಸ್ಪೆಕ್ಟ್ರೋಮೀಟರಿನಲ್ಲಿಟ್ಟರೆ ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು, ಗಂಧಕ ಎಷ್ಟು ಎಂಬುದು ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಆ ಯಂತ್ರ ಕುಲುಮೆಯ ಪಕ್ಕದಲ್ಲೇ ಇರುತ್ತದೆ. ಸಣ್ಣ ಫೌಂಡ್ರಿಯವನಿಗೆ ಅದು ಕೈಗೆಟುಕದ ಮಾತು. ಆದರೆ ವಾಹನ ಕಂಪನಿಯ ಖರೀದಿದಾರ ಪರೀಕ್ಷಾ ವರದಿಯಿಲ್ಲದೆ ಮಾಲು ಮುಟ್ಟುವುದಿಲ್ಲ. ಊರಿನಲ್ಲೇ ಒಂದು ಪರೀಕ್ಷಾಲಯವಿದ್ದರೆ ಸಣ್ಣವನೂ ಆ ಖರೀದಿದಾರನ ಬಾಗಿಲು ತಟ್ಟಬಹುದು.

ಒಂದೇ ಕಸುಬಿನವರು ಒಂದೇ ಊರಲ್ಲಿ ಏಕೆ ಸೇರುತ್ತಾರೆ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಎತ್ತಿಕೊಂಡಿದ್ದರು. ಅವರ ಕಣ್ಣೆದುರು ಚಾಕು-ಕತ್ತರಿಗೆ ಹೆಸರಾದ ಶೆಫೀಲ್ಡ್ ಇತ್ತು. ನುರಿತ ಕೈಗಳು ಸಿಗುತ್ತವೆ, ಸರಕು ಒದಗಿಸುವವರು ಅಲ್ಲೇ ಬಂದು ನೆಲೆಸುತ್ತಾರೆ, ಒಬ್ಬ ಕಂಡುಕೊಂಡ ಹೊಸ ಬಗೆ ಬೇಗ ಎಲ್ಲರದಾಗುತ್ತದೆ ಎಂಬುದು ಅವರ ವಿವರಣೆಯ ಸಾರ. ಕನ್ನಡ ನಾಡಿನವರಿಗೆ ಇದನ್ನು ಶೆಫೀಲ್ಡಿನಿಂದ ಕಲಿಯಬೇಕಾಗಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗ, ಮೊಳಕಾಲ್ಮೂರಿನ ರೇಷ್ಮೆ, ಬೀದರಿನ ಬಿದ್ರಿ, ಬ್ಯಾಡಗಿಯ ಮೆಣಸಿನಕಾಯಿ, ಬಳ್ಳಾರಿಯ ಜೀನ್ಸ್, ದಾವಣಗೆರೆಯ ಮಂಡಕ್ಕಿ ಭಟ್ಟಿ: ಊರಿನ ಹೆಸರು ಹೇಳಿದರೆ ಸಾಕು, ಸರಕಿನ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಇಂಥ ಕ್ಲಸ್ಟರುಗಳು ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚಿವೆ ಎಂದು ಅಂದಾಜು. ಬಹುಪಾಲು ಯಾವ ಯೋಜನೆಯ ಹಂಗೂ ಇಲ್ಲದೆ, ತಲೆತಲಾಂತರದಿಂದ ತಾವಾಗಿ ಬೆಳೆದಂಥವು.

ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಟ್ಟಿಗಿದ್ದಾರೆ ಎಂದಾಗುವುದಿಲ್ಲ. ಒಂದೇ ಓಣಿಯಲ್ಲಿ ಹತ್ತು ಮನೆಯವರು ಅದೇ ವ್ಯಾಪಾರಿಯಿಂದ ಬಿಡಿ ಬಿಡಿಯಾಗಿ ನೂಲು ಕೊಳ್ಳುತ್ತಾರೆ, ಅದೇ ದಲ್ಲಾಳಿಗೆ ಬಿಡಿ ಬಿಡಿಯಾಗಿ ಮಾರುತ್ತಾರೆ. ಕೊಳ್ಳುವಾಗ ಒಬ್ಬೊಬ್ಬನೂ ಸಣ್ಣವನು; ಮಾರುವಾಗಲೂ ಸಣ್ಣವನೇ. ಭಾರತ ಸರ್ಕಾರ ಈ ಬಗ್ಗೆ ಗಂಭೀರವಾಗಿ ಯೋಚಿಸತೊಡಗಿದ್ದು ತೊಂಬತ್ತರ ದಶಕದಲ್ಲಿ. ಆಬಿದ್ ಹುಸೇನ್ ಅಧ್ಯಕ್ಷತೆಯ ಸಮಿತಿ 1997ರಲ್ಲಿ ಕೊಟ್ಟ ವರದಿ, ಬಿಡಿ ಘಟಕಗಳಿಗೆ ರಿಯಾಯಿತಿ ಹಂಚುವ ಬದಲು ಗುಂಪಾಗಿ ಅವನ್ನು ಮೇಲೆತ್ತಬೇಕು ಎಂಬ ಕಡೆಗೆ ಸರ್ಕಾರದ ಗಮನ ತಿರುಗಿಸಿತು. ಮರುವರ್ಷವೇ, 1998ರಲ್ಲಿ, ತಂತ್ರಜ್ಞಾನ ಸುಧಾರಣೆಯ ಒಂದು ಸಣ್ಣ ಕಾರ್ಯಕ್ರಮ ಶುರುವಾಯಿತು. 2003ರಲ್ಲಿ ಅದರ ಹೆಸರು ಬದಲಾಯಿತು, 2007ರಲ್ಲಿ ಮತ್ತೊಮ್ಮೆ ಬದಲಾಗಿ ಈಗಿನ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮವಾಯಿತು. ಖಾದಿ, ತೆಂಗಿನ ನಾರು, ಗ್ರಾಮೋದ್ಯೋಗದಂಥ ಸಾಂಪ್ರದಾಯಿಕ ಕಸುಬುಗಳಿಗೆ 2005ರಲ್ಲಿ ‘ಸ್ಫೂರ್ತಿ’ ಎಂಬ ಪ್ರತ್ಯೇಕ ಯೋಜನೆ ಬಂತು. ಅದರಲ್ಲಿ 500ರವರೆಗೆ ಕುಶಲಕರ್ಮಿಗಳಿರುವ ಕ್ಲಸ್ಟರಿಗೆ ಎರಡೂವರೆ ಕೋಟಿ, ಅದಕ್ಕಿಂತ ದೊಡ್ಡದಕ್ಕೆ ಐದು ಕೋಟಿ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ.

ಸಣ್ಣ ಉದ್ಯಮಗಳ ಕಾರ್ಯಕ್ರಮದ ನಡುಗಂಬ ಸಾಮಾನ್ಯ ಸೌಲಭ್ಯ ಕೇಂದ್ರ, ಅಂದರೆ ಎಲ್ಲರೂ ಬಾಡಿಗೆ ಕೊಟ್ಟು ಬಳಸುವ ಯಂತ್ರಶಾಲೆ. 2010ರ ನಿಯಮಗಳಂತೆ 15 ಕೋಟಿ ರೂಪಾಯಿವರೆಗಿನ ಇಂಥ ಕೇಂದ್ರಕ್ಕೆ ಶೇ. 70 ಪಾಲು ದೆಹಲಿಯಿಂದ ಬರುತ್ತಿತ್ತು. ಈಶಾನ್ಯದ ಮತ್ತು ಗುಡ್ಡಗಾಡಿನ ರಾಜ್ಯಗಳಲ್ಲಿ, ಮಹಿಳೆಯರ ಅಥವಾ ಪರಿಶಿಷ್ಟರ ಘಟಕಗಳೇ ಅರ್ಧಕ್ಕಿಂತ ಹೆಚ್ಚಿರುವ ಕಡೆಗಳಲ್ಲಿ ಶೇ. 90. 2022ರಲ್ಲಿ ನಿಯಮ ತಿದ್ದಿದರು. ಈಗ 5ರಿಂದ 10 ಕೋಟಿಯ ಕೇಂದ್ರಕ್ಕೆ ಶೇ. 70, 10ರಿಂದ 30 ಕೋಟಿಯದಕ್ಕೆ ಶೇ. 60. ಹಿಂದುಳಿದವೆಂದು ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಈ ಪ್ರಮಾಣ ಶೇ. 80 ಮತ್ತು 70ಕ್ಕೆ ಏರುತ್ತದೆ. ಕರ್ನಾಟಕದಲ್ಲಿ ರಾಯಚೂರು ಮತ್ತು ಯಾದಗಿರಿ ಆ ಪಟ್ಟಿಯಲ್ಲಿವೆ. ಉಳಿದ ಹಣ ರಾಜ್ಯ ಸರ್ಕಾರ ಮತ್ತು ಸದಸ್ಯರ ಪಾಲಿನದು.

ಹಣ ಯಾವ ಒಬ್ಬ ಮಾಲೀಕನ ಕೈಗೂ ಹೋಗುವುದಿಲ್ಲ. ಕಸುಬುದಾರರೇ ಸೇರಿ ಒಂದು ಸಂಸ್ಥೆ ಕಟ್ಟಬೇಕು. ಕಡತದ ಭಾಷೆಯಲ್ಲಿ ಅದು ಎಸ್‌ಪಿವಿ. ಅದಕ್ಕೆ 2010ರಲ್ಲಿ ಹಾಕಿದ ಷರತ್ತುಗಳನ್ನು ಓದಿದರೆ, ಅವನ್ನು ಬರೆದವರಿಗೆ ಊರಿನ ರಾಜಕೀಯ ಚೆನ್ನಾಗಿ ಗೊತ್ತಿತ್ತು ಎನ್ನಿಸುತ್ತದೆ. ವಿಶೇಷ ಸಂದರ್ಭ ಬಿಟ್ಟರೆ ಕನಿಷ್ಠ 20 ಘಟಕಗಳು ಸದಸ್ಯರಾಗಿರಬೇಕು. ಒಂದೇ ಘಟಕದ ಕೈಯಲ್ಲಿ ಶೇ. 10ಕ್ಕಿಂತ ಹೆಚ್ಚು ಷೇರು ಇರಕೂಡದು. ಹೊಸಬರಿಗೆ ಬಾಗಿಲು ತೆರೆದಿರಬೇಕು. ಜಮೀನು ಮತ್ತು ಕಟ್ಟಡದ ವೆಚ್ಚ ಒಟ್ಟು ಯೋಜನೆಯ ಶೇ. 25ನ್ನು ಮೀರಬಾರದು. ಎಲ್ಲಕ್ಕಿಂತ ಒಳ್ಳೆಯ ಷರತ್ತು ಕೊನೆಯದು: ಕೇಂದ್ರದ ಸಾಮರ್ಥ್ಯದ ಶೇ. 60ರಷ್ಟನ್ನಾದರೂ ಬಳಸುತ್ತೇವೆಂದು ಬಳಕೆದಾರರು ಮೊದಲೇ ಬರೆದುಕೊಡಬೇಕು.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಅಂಕಿಯಿದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಯಂತ್ರ ಕೊಳ್ಳುವ ಮೊದಲು ಕಸುಬುದಾರರನ್ನು ಒಟ್ಟುಗೂಡಿಸಿ, ಸಭೆ ಕರೆದು, ತರಬೇತಿ ಕೊಟ್ಟು, ಬೇರೆ ಊರುಗಳಿಗೆ ಕರೆದೊಯ್ದು ತೋರಿಸಿ, ಮಾರುಕಟ್ಟೆ ಪರಿಚಯಿಸುವ ಕೆಲಸಕ್ಕೆ ಇಟ್ಟ ಗರಿಷ್ಠ ಮಿತಿ 25 ಲಕ್ಷ ರೂಪಾಯಿ. ಯಂತ್ರಶಾಲೆಗೆ 15 ಕೋಟಿ, ಮನುಷ್ಯರನ್ನು ಸೇರಿಸುವುದಕ್ಕೆ 25 ಲಕ್ಷ. ಅರವತ್ತಕ್ಕೆ ಒಂದರ ಲೆಕ್ಕ. ಇಪ್ಪತ್ತು ಮಂದಿ ಪ್ರತಿಸ್ಪರ್ಧಿಗಳನ್ನು ಒಂದೇ ಚಾಪೆಯ ಮೇಲೆ ಕೂರಿಸುವುದು ಯಂತ್ರ ಕೊಳ್ಳುವುದಕ್ಕಿಂತ ಕಷ್ಟದ, ನಿಧಾನದ ಕೆಲಸ. ಅನುದಾನದ ಯೋಜನೆಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಇಟಲಿಯ ಕಾರ್ಪಿ ಎಂಬ ಪಟ್ಟಣದವರು ಈ ಕೆಲಸವನ್ನು ತಿರುಗುಮುರುಗಾಗಿ ಮಾಡಿ ತೋರಿಸಿದ್ದರು. ಅದು ಹೆಣಿಗೆ ಉಡುಪಿನ ಊರು. ಬೆರಳೆಣಿಕೆಯ ಕೆಲಸಗಾರರ ಸಣ್ಣ ಸಣ್ಣ ಘಟಕಗಳು. ಎಮಿಲಿಯಾ-ರೊಮಾನ್ಯ ಪ್ರಾಂತದ ಅಭಿವೃದ್ಧಿ ಸಂಸ್ಥೆಯೂ ಉದ್ಯಮಿಗಳ ಸಂಘಗಳೂ ಸೇರಿ 1980ರಲ್ಲಿ ಅಲ್ಲಿ ‘ಚಿಟೆರ್’ ಎಂಬ ಕೇಂದ್ರ ಸ್ಥಾಪಿಸಿದವು. ಅದು ಮೊದಲು ಕೊಟ್ಟದ್ದು ಮಾಹಿತಿ: ಮುಂದಿನ ಹಂಗಾಮಿಗೆ ಯಾವ ಬಣ್ಣ, ಯಾವ ನೂಲು, ಯಾವ ಮಾದರಿ ನಡೆಯಬಹುದು ಎಂಬ ವರದಿ. ಮುಂದೆ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯ ಜೊತೆಗೂಡಿ, ಸಣ್ಣವರ ಕೈಗೆಟುಕುವಂಥ ಕಂಪ್ಯೂಟರ್ ವಿನ್ಯಾಸ ವ್ಯವಸ್ಥೆಯನ್ನು ರೂಪಿಸಿತು. ಸದಸ್ಯರು ವರ್ಷಕ್ಕಿಷ್ಟೆಂದು ಚಂದಾ ಕೊಡುತ್ತಿದ್ದರು. ಕೊಟ್ಟ ಚಂದಾಕ್ಕೆ ತಕ್ಕ ಪ್ರಯೋಜನ ಇಲ್ಲದಿದ್ದರೆ ಮರುವರ್ಷ ಬರುತ್ತಿರಲಿಲ್ಲ. ಆದ್ದರಿಂದ ಕೇಂದ್ರ ಪ್ರತಿ ವರ್ಷವೂ ತನ್ನ ಉಪಯೋಗವನ್ನು ಸಾಬೀತು ಮಾಡಲೇಬೇಕಿತ್ತು.

ಬೇರೆ ದೇಶಗಳ ವಿಷಯ ಬಂದಾಗ ಇನ್ನೆರಡು ಮಾತು. ಜರ್ಮನಿ 2007ರಲ್ಲಿ ಕ್ಲಸ್ಟರುಗಳ ನಡುವೆ ಸ್ಪರ್ಧೆಯಿಟ್ಟು, ಮೂರು ಸುತ್ತುಗಳಲ್ಲಿ 15 ಕ್ಲಸ್ಟರುಗಳನ್ನು ಆರಿಸಿ ಒಂದೊಂದಕ್ಕೆ ನಾಲ್ಕು ಕೋಟಿ ಯೂರೋವರೆಗೆ ನೆರವು ಕೊಟ್ಟಿತು. ಅಮೆರಿಕದಲ್ಲಿ ನೂರು ಕೋಟಿ ಡಾಲರಿನ ಪ್ರಾದೇಶಿಕ ಸ್ಪರ್ಧೆಗೆ 529 ಅರ್ಜಿಗಳು ಬಂದು, 2022ರಲ್ಲಿ 21 ಒಕ್ಕೂಟಗಳಿಗೆ ಅನುದಾನ ಸಿಕ್ಕಿತು. ಅವು ದೊಡ್ಡ ತಂತ್ರಜ್ಞಾನದ, ದೊಡ್ಡ ವಿಶ್ವವಿದ್ಯಾಲಯಗಳ ಆಟ. ಅಥಣಿಯ ಚಪ್ಪಲಿಗೆ ಅಲ್ಲಿಂದ ಸಿಗುವ ಪಾಠ ಕಡಿಮೆ.

ಅಥಣಿಯ ಚಪ್ಪಲಿಯನ್ನು ಜಗತ್ತು ಕೊಲ್ಹಾಪುರಿ ಎಂಬ ಹೆಸರಿನಿಂದ ಬಲ್ಲದು. ಕೊಲ್ಹಾಪುರದ ಪೇಟೆಯಲ್ಲಿ ಮಾರಾಟವಾಗುವ ಜೋಡುಗಳಲ್ಲಿ ಎಷ್ಟೋ ಅಥಣಿ, ನಿಪ್ಪಾಣಿ, ಮದಭಾವಿ ಕಡೆಯ ಸಮಗಾರ ಕುಟುಂಬಗಳ ಕೈಯಲ್ಲಿ ಆದಂಥವು. ಕೋಣ, ಎಮ್ಮೆಯ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಆಮೇಲೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಕಷಾಯದಲ್ಲಿ ಹದ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ಚರ್ಮವನ್ನೇ ಚೀಲದಂತೆ ಹೊಲಿದು, ಒಳಗೆ ಕಷಾಯ ತುಂಬಿ ತೂಗುಹಾಕುತ್ತಿದ್ದರು. ದ್ರಾವಣ ತೊಟ್ಟಿಕ್ಕುತ್ತ ಚರ್ಮದೊಳಗೆ ಇಳಿಯುತ್ತಿತ್ತು. ವಾರಗಟ್ಟಲೆಯ ಕೆಲಸವದು. ಹದವಾದ ಚರ್ಮವನ್ನು ಬಡಿದು ಅಟ್ಟೆ ಕತ್ತರಿಸುತ್ತಾರೆ. ಪಕ್ಕಕ್ಕೆ ಕಿವಿಗಳು, ಮೇಲೆ ಜಡೆಯಂತೆ ಹೆಣೆದ ಪಟ್ಟಿ. ಮೊಳೆಯಿಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಆ ಜಡೆ ಹೆಣೆಯುವವರು ಹೆಚ್ಚಾಗಿ ಮನೆಯ ಹೆಂಗಸರು.

ತೊಂಬತ್ತರ ದಶಕದ ಕೊನೆಯಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅಥಣಿಯಲ್ಲಿ ಒಂದು ಪ್ರಯತ್ನ ನಡೆಯಿತು. ಬೆಂಗಳೂರಿನ ಅಸೆಂಟ್ ಎಂಬ ಸಂಸ್ಥೆ ಮನೆಮನೆಯ ಹೆಂಗಸರನ್ನು ಸ್ವಸಹಾಯ ಗುಂಪುಗಳಾಗಿ ಕಟ್ಟಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ತಂತ್ರಜ್ಞಾನವೂ ಜೊತೆಗೆ ಬಂತು. ವಿದೇಶದ ಕೊಳ್ಳುವವನಿಗೆ ಎಡಗಾಲಿನ ಚಪ್ಪಲಿಗೂ ಬಲಗಾಲಿನದಕ್ಕೂ ಕೂದಲೆಳೆಯ ವ್ಯತ್ಯಾಸವೂ ಆಗದು. ಅಳತೆ ಅವನ ದೇಶದ ಲೆಕ್ಕದಲ್ಲೇ ಇರಬೇಕು. ಸಾವಿರ ಜೋಡಿಗೂ ಒಂದೇ ಬಣ್ಣ, ಒಂದೇ ದಪ್ಪ ಬೇಕು. ಕೈಕಸುಬಿನವರಿಗೆ ಕೌಶಲದ ಕೊರತೆ ಇರಲಿಲ್ಲ. ಈ ಶಿಸ್ತಿನ ಅಭ್ಯಾಸ ಆಗಬೇಕಿತ್ತು. ಟೋಹೋಲ್ಡ್ ಎಂಬ ಹೆಸರಿನಲ್ಲಿ ಅವರ ಚಪ್ಪಲಿ ಹೊರದೇಶಗಳಿಗೆ ಹೋಯಿತು. ಇಲ್ಲಿ ಮೊದಲು ಆದದ್ದು ಗುಂಪು ಕಟ್ಟುವ ಕೆಲಸ. ಅಳತೆ, ಅಚ್ಚು, ಯಂತ್ರ ಎಲ್ಲವೂ ಅದರ ಹಿಂದೆ ಬಂದವು. ಅರವತ್ತಕ್ಕೆ ಒಂದರ ಲೆಕ್ಕ ಹಾಕುವವರು ಅಥಣಿಯ ಈ ಕ್ರಮವನ್ನು ಗಮನಿಸಬೇಕು.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅದರಲ್ಲಿ ಸಮಪಾಲು. ಈ ಕಡೆಯಿಂದ ಹಕ್ಕಿನ ಒಡೆತನ ಲಿಡ್ಕರ್‌ನದು, ಅಂದರೆ ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮದ್ದು. ಆ ಕಡೆ ಮಹಾರಾಷ್ಟ್ರದ ಲಿಡ್ಕಾಂ. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಶನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇದೇ ಆಕಾರದ ಚಪ್ಪಲಿ ತೊಡಿಸಿ, ಮೂಲ ಹೇಳದೆ ಹೋದಾಗ ದೊಡ್ಡ ಗದ್ದಲವಾಯಿತು. ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಈ ಎರಡು ರಾಜ್ಯಗಳಲ್ಲಿ ಸುಮಾರು 2,000 ಜೋಡಿ ಮಾಡಿಸುವುದಾಗಿ ಹೇಳಿತು. ಜೋಡಿಯೊಂದರ ಬೆಲೆ 800 ಯೂರೋ ಆಸುಪಾಸು.

ಅಂಥ ಆರ್ಡರು ಬಂದಾಗ ಅದನ್ನು ಪೂರೈಸುವ ಶಕ್ತಿ ಒಂದು ಮನೆಗೆ ಇರುವುದಿಲ್ಲ. ಒಂದೇ ಗುಣಮಟ್ಟದ ಚರ್ಮ ಬೇಕು, ಒಂದೇ ಅಚ್ಚು ಬೇಕು, ಹೊರಡುವ ಮೊದಲು ತಪಾಸಣೆ ಮಾಡುವ ಕಣ್ಣು ಬೇಕು, ಹಣ ಬರುವವರೆಗೆ ಕೂಲಿ ಕೊಡುವ ದುಡ್ಡು ಬೇಕು. ಇದಕ್ಕೆಲ್ಲ ಕ್ಲಸ್ಟರ್ ಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ಎಸ್‌ಪಿವಿಯ ಸದಸ್ಯತ್ವ ಘಟಕದ ಲೆಕ್ಕದಲ್ಲಿ ನಡೆಯುತ್ತದೆ, ಘಟಕ ಮನೆಯ ಯಜಮಾನನ ಹೆಸರಿನಲ್ಲಿರುತ್ತದೆ. ಜಡೆ ಹೆಣೆದ ಹೆಂಗಸಿನ ಹೆಸರು ಆ ಪುಸ್ತಕದಲ್ಲಿ ಬರುವುದಿಲ್ಲ. ಚರ್ಮ ಹದ ಮಾಡಿಕೊಟ್ಟ ಡೋಹರ ಕುಟುಂಬದ ಹೆಸರೂ ಬರುವುದಿಲ್ಲ. ಅನುದಾನ ಕಸುಬಿಗೆ ಎಂದಾದರೆ ಕಸುಬಿನ ಪ್ರತಿ ಹಂತದವರೂ ಆ ಸಂಸ್ಥೆಯಲ್ಲಿ ಪಾಲುದಾರರಾಗಬೇಕು. ನಿಯಮ ಇದಕ್ಕೆ ಅಡ್ಡಬಂದರೆ ನಿಯಮವನ್ನೇ ತಿದ್ದಬೇಕು.

ಚನ್ನಪಟ್ಟಣದ ಸಮಸ್ಯೆ ಇನ್ನೊಂದು ತೆರ. ಅಲ್ಲಿನ ಬೊಂಬೆ ಆಗುವುದು ಹಾಲೆ ಮರದಲ್ಲಿ. ಗಿರಗಿರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ತೀಡಿದರೆ ಕನ್ನಡಿಯ ಹೊಳಪು. ಮರ ಸರಿಯಾಗಿ ಒಣಗಿರದಿದ್ದರೆ ಇಷ್ಟೆಲ್ಲ ಮಾಡಿದ ಬೊಂಬೆ ಕೊಂಡವರ ಮನೆಯಲ್ಲಿ ಬಿರುಕು ಬಿಡುತ್ತದೆ. ನೆರಳಿನಲ್ಲಿ ಒಣಗಿಸಲು ತಿಂಗಳುಗಳು ಬೇಕು. ಅಷ್ಟು ದಿನ ಮರದಲ್ಲಿ ದುಡ್ಡು ಹೂಡಿ ಕೂರುವ ಚೈತನ್ಯ ಬಡ ಕಸುಬುದಾರನಿಗಿಲ್ಲ. ಎಲ್ಲರಿಗೂ ಸೇರಿ ಮರ ಒಣಗಿಸುವ ಒಂದು ಗೂಡು ಇದ್ದರೆ ಈ ತೊಡಕು ಬಗೆಹರಿಯುತ್ತದೆ. 2021ರ ಜನವರಿಯಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟದ್ದು ನ್ಯಾಯವೇ. ಆದರೆ ಯುರೋಪಿಗೆ ಕಳಿಸುವಾಗ ಆ ವಿನಾಯಿತಿ ನಡೆಯುವುದಿಲ್ಲ, ಪರೀಕ್ಷೆಯ ವರದಿ ಕೊಡಲೇಬೇಕು. ಅದರ ಶುಲ್ಕ ಒಬ್ಬನ ಹೆಗಲಿಗೆ ಬಿದ್ದರೆ ಲಾಭವೆಲ್ಲ ಅಲ್ಲೇ ಕರಗುತ್ತದೆ.

ಹಂಚಿಕೊಳ್ಳಬೇಕಾದ ಖರ್ಚನ್ನು ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ತಿರುಪ್ಪೂರನ್ನು ನೋಡಬೇಕು. ಬನಿಯನ್, ಟೀ ಶರ್ಟುಗಳ ರಫ್ತಿನಿಂದ ಆ ಊರು ಸಿರಿವಂತವಾಯಿತು. ಬಟ್ಟೆಗೆ ಬಣ್ಣ ಹಾಕಿದ ನೀರು ನೊಯ್ಯಲ್ ನದಿಗೆ ಹರಿಯಿತು, ಕೆಳಗಿನ ಒರತ್ತುಪಾಳ್ಯಂ ಅಣೆಕಟ್ಟಿನಲ್ಲಿ ನಿಂತಿತು. ನದಿಯ ನೀರನ್ನೇ ನಂಬಿದ್ದ ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಸುಮಾರು 700 ಬಣ್ಣದ ಘಟಕಗಳನ್ನು ಮುಚ್ಚಿಸಿತು. ಒಂದು ಹನಿ ಕೊಳೆನೀರೂ ಹೊರಗೆ ಬಿಡದಂತೆ ಏರ್ಪಾಡು ಆದಮೇಲೆ ಮಾತ್ರ ತೆರೆಯಬಹುದೆಂದಿತು. ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ಮತ್ತೆ ಕಟ್ಟಿ ನಿಲ್ಲಿಸಲು ತಮಿಳುನಾಡು ಸರ್ಕಾರ 200 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ಘೋಷಿಸಬೇಕಾಯಿತು. ಜೀನ್ಸ್ ಒಗೆಯುವ ಘಟಕಗಳಿರುವ ಬಳ್ಳಾರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಅಲ್ಲಿಗೆ ಅನುದಾನ ಹೋಗುವುದಾದರೆ ಮೊದಲ ರೂಪಾಯಿ ಕೊಳೆನೀರಿನ ಶುದ್ಧೀಕರಣಕ್ಕೆ ಹೋಗಲಿ. ಹೊಲಿಗೆ ಯಂತ್ರ, ಪ್ರದರ್ಶನ ಮಳಿಗೆ ಆಮೇಲೆ.

ಹಣ ಬಂದು, ಕಟ್ಟಡ ಎದ್ದು, ಟೇಪು ಕತ್ತರಿಸಿ ಆದ ಮೇಲೂ ಸಾಮಾನ್ಯ ಸೌಲಭ್ಯ ಕೇಂದ್ರಗಳು ಸೊರಗುವುದುಂಟು. ಕಾರಣಗಳು ಕಳ್ಳತನ, ಸೋಮಾರಿತನಗಳೇ ಆಗಬೇಕಿಲ್ಲ. ವಿದ್ಯುತ್ತಿನ ನಿಗದಿತ ಶುಲ್ಕ ಮೊದಲ ತಿಂಗಳಿಂದಲೇ ಬರುತ್ತದೆ, ಗಿರಾಕಿಗಳು ನಿಧಾನವಾಗಿ ಬರುತ್ತಾರೆ. ಅನುದಾನದಲ್ಲಿ ಯಂತ್ರಕ್ಕೆ ಹಣವಿದೆ. ಅದನ್ನು ನಡೆಸುವ ದಿನನಿತ್ಯದ ಖರ್ಚಿಗಿಲ್ಲ. ದೀಪಾವಳಿಯ ಮುಂಚೆ ಎಲ್ಲರಿಗೂ ಒಟ್ಟಿಗೇ ಯಂತ್ರ ಬೇಕು, ಮಳೆಗಾಲದಲ್ಲಿ ಯಾರಿಗೂ ಬೇಡ. ತನ್ನ ಮಾದರಿಯನ್ನು ಪಕ್ಕದವನು ನೋಡಿಬಿಟ್ಟಾನೆಂಬ ಅಂಜಿಕೆ ಬೇರೆ.

ಎಲ್ಲಕ್ಕಿಂತ ಆಳದ ತೊಡಕು ಬೇರೊಂದಿದೆ. ಎಸ್‌ಪಿವಿಯ ಸದಸ್ಯರು ಕೇಂದ್ರದ ಮಾಲೀಕರೂ ಹೌದು, ಗಿರಾಕಿಗಳೂ ಹೌದು. ಗಿರಾಕಿಯಾಗಿ ಬಾಡಿಗೆ ಕಡಿಮೆ ಇರಲೆಂದು ಬಯಸುತ್ತಾರೆ. ಮಾಲೀಕರಾಗಿ ರಿಪೇರಿಗೆ, ಹೊಸ ಯಂತ್ರಕ್ಕೆ ದುಡ್ಡು ಕೂಡಿಡಬೇಕು. ವಾರ್ಷಿಕ ಸಭೆಯಲ್ಲಿ ದರದ ಮಾತು ಬಂದಾಗ ಪ್ರತಿ ಸಲವೂ ಗೆಲ್ಲುವವನು ಗಿರಾಕಿ. ಐದಾರು ವರ್ಷಕ್ಕೆ ಯಂತ್ರದ ಒಂದು ಮುಖ್ಯ ಭಾಗ ಕೆಡುತ್ತದೆ, ಬದಲಿಸಲು ಖಾತೆಯಲ್ಲಿ ಹಣವಿರುವುದಿಲ್ಲ. ಇದಕ್ಕೆ ಇನ್ನೊಂದು ಅನುದಾನ ಕೊಟ್ಟು ಪ್ರಯೋಜನವಿಲ್ಲ. ದರ ನಿಗದಿ ಮಾಡುವ ಅಧಿಕಾರ ಸಂಬಳದ ಮೇಲಿರುವ ಒಬ್ಬ ನುರಿತ ವ್ಯವಸ್ಥಾಪಕನಿಗೆ ಇರಬೇಕು; ಸವಕಳಿ ನಿಧಿಗೆ ಇಂತಿಷ್ಟು ಹಾಕಲೇಬೇಕೆಂದು ಕರಾರಿನಲ್ಲಿ ಇರಬೇಕು. ಮೊದಲ ಮೂರು ವರ್ಷ ಆ ವ್ಯವಸ್ಥಾಪಕನ ಸಂಬಳವನ್ನು ಸರ್ಕಾರವೇ ಕೊಟ್ಟು, ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡುತ್ತ ಹೋದರೆ ಕಟ್ಟಡಕ್ಕೆ ಸುರಿದ ಕೋಟಿಗಳಿಗೆ ಕಾವಲು ಸಿಕ್ಕಂತಾಗುತ್ತದೆ.

ಈ ಮಾತು ಕೇಳುತ್ತಿರುವ ಕಸುಬುದಾರರಲ್ಲಿ ಯಾರಿಗಾದರೂ ತಮ್ಮ ಊರಿಗೂ ಇಂಥದೊಂದು ಬೇಕೆನ್ನಿಸಿದರೆ ಮೊದಲು ಹೋಗಬೇಕಾದ ಜಾಗ ಜಿಲ್ಲಾ ಕೈಗಾರಿಕಾ ಕೇಂದ್ರ. ಅಲ್ಲಿಗೆ ಹೋಗುವ ಮುನ್ನ ಊರಿನಲ್ಲೇ ಮಾಡಬೇಕಾದ ಕೆಲಸವಿದೆ. ಒಂದೇ ಕಸುಬಿನ ಇಪ್ಪತ್ತು ಮಂದಿ ಸೇರಿ, ತಮಗೆಲ್ಲ ಸಮಾನವಾಗಿ ಕಾಡುವ ಒಂದೇ ಒಂದು ತೊಂದರೆಯನ್ನು ಹೆಸರಿಟ್ಟು ಗುರುತಿಸಬೇಕು: ಮರಳೋ, ಮರವೋ, ಚರ್ಮವೋ, ಬಣ್ಣದ ನೀರೋ, ಪರೀಕ್ಷೆಯ ವರದಿಯೋ. ತಾವು ತಿಂಗಳಿಗೆ ಎಷ್ಟು ಬಳಸುತ್ತೇವೆ, ಗಂಟೆಗೆ ಎಷ್ಟು ಬಾಡಿಗೆ ಕೊಡಬಲ್ಲೆವು ಎಂಬುದನ್ನು ಒಬ್ಬೊಬ್ಬರೂ ಬರೆದು ಸಹಿ ಹಾಕಬೇಕು. ಆ ಹಾಳೆಗಳು ಕೈಯಲ್ಲಿದ್ದರೆ ಯೋಜನಾ ವರದಿ ಗಟ್ಟಿಯಾಗುತ್ತದೆ. ಜಿಲ್ಲೆಯಿಂದ ರಾಜ್ಯದ ಸಮಿತಿಗೆ, ಅಲ್ಲಿಂದ ದೆಹಲಿಯ ಸಮಿತಿಗೆ ಹೋಗುವ ದಾರಿಯಲ್ಲಿ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರುತ್ತದೆ. ಅನುದಾನ ಕೊಟ್ಟ ಸರ್ಕಾರದ ಕಡೆಯಿಂದ ಆಗಬೇಕಾದದ್ದೂ ಒಂದಿದೆ. ಕರ್ನಾಟಕದಲ್ಲಿ ಈವರೆಗೆ ತೆರೆದ ಪ್ರತಿಯೊಂದು ಸಾಮಾನ್ಯ ಸೌಲಭ್ಯ ಕೇಂದ್ರದ ಯಂತ್ರಗಳು ಕಳೆದ ವರ್ಷ ಎಷ್ಟು ಗಂಟೆ ನಡೆದವು, ಎಷ್ಟು ಘಟಕಗಳು ಬಳಸಿದವು, ಅವುಗಳಲ್ಲಿ ಸದಸ್ಯರಲ್ಲದವು ಎಷ್ಟು ಎಂಬ ಲೆಕ್ಕವನ್ನು ಜಿಲ್ಲಾವಾರು ಪ್ರಕಟಿಸಬೇಕು.